ಚೀಟಿಯಲ್ಲೊಂದು ತಪ್ಪು

“ಕೂಗಲಿಲ್ಲ ಯಾಕೆ?”

ಕೇಳಿದವನು ಮುದ್ರಣಾಲಯದ ಮೆಷಿನ್‌ಮನ್. ಉತ್ತರಿಸಬೇಕಾದವಳು ಪ್ರೂಫಕ್ಕ. ಹದಿನಾರು ವರ್ಷದಿಂದ ಅಲ್ಲಿ ಕರಡು ತಿದ್ದುತ್ತಿದ್ದುದರಿಂದ ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು.

“ಕೂಗೋಣ ಅಂತಲೇ ಇದ್ದೆ,” ಅಂದಳು. “ಏನಂತ ಕೂಗೋದು, ವಾಕ್ಯ ಸರಿ ಮಾಡ್ಕೊಳ್ತಿದ್ದೆ. ‘ದಯವಿಟ್ಟು’ ಮೊದಲು ಬರಬೇಕೋ ಕೊನೇಲೋ ಅಂತ. ಅಷ್ಟರಲ್ಲಿ ತಡವಾಗಿತ್ತು.”

ಊಟದ ಕೋಣೆ ಗೊಳ್ಳೆಂದಿತು.

ನಗುವ ವಿಷಯವಲ್ಲ. ಆದರೆ ಇದು ಅಣಕು ವಿಚಾರಣೆ. ಲೈಂಗಿಕ ಕಿರುಕುಳದ ದೂರು ಬಂದರೆ ಹೇಗೆ ಕೇಳಿಸಿಕೊಳ್ಳಬೇಕೆಂದು ಕಲಿಸಲು ಹೊರಗಿನಿಂದ ಒಬ್ಬರು ಮೇಡಂ ಬಂದಿದ್ದರು. ಬಿಸ್ಕತ್ತಿನ ಡಬ್ಬಿಯಲ್ಲಿ ಮಡಿಸಿದ ಚೀಟಿಗಳನ್ನು ಹಾಕಿ ಎಲ್ಲರ ಮುಂದೆ ಹಿಡಿದಿದ್ದರು. ಒಂದರಲ್ಲಿ ‘ದೂರು ಕೊಟ್ಟವರು’ ಎಂದಿತ್ತು. ಕೆಳಗೆ ಅವರು ಹೇಳಬೇಕಾದ ನಾಲ್ಕು ಸಾಲಿನ ಕಥೆ. ಮೂರರಲ್ಲಿ ‘ಸಮಿತಿ’. ಉಳಿದವರೆಲ್ಲ ಪ್ರೇಕ್ಷಕರು. ವಿಚಾರಣೆ ಮುಗಿಯುವ ತನಕ ಯಾರೂ ಚೀಟಿ ತೋರಿಸುವಂತಿಲ್ಲ. ಕೊನೆಯಲ್ಲಿ, ದೂರನ್ನು ನಂಬುವವರು ಕೈ ಎತ್ತಬೇಕು.

ಸಮಿತಿಯ ಚೀಟಿ ಬಂದದ್ದು ಮೆಷಿನ್‌ಮನ್‌ಗೆ, ಕೌಂಟರಿನಾಕೆಗೆ ಮತ್ತು ಮಾವನಿಗೆ. ಮಾವ ಎಂದರೆ ಬೈಂಡಿಂಗ್ ವಿಭಾಗದ ಮುಖ್ಯಸ್ಥರು. ಮಾಲೀಕರೂ ಅವರನ್ನು ಹಾಗೇ ಕರೆಯುತ್ತಿದ್ದರು. ನಾಳೆಯಿಂದ ನಿಜವಾದ ದೂರು ಸಮಿತಿಗೂ ಅವರೇ ಹಿರಿಯರು. ಮಾಲೀಕರ ಸಹಿಯೊಂದೇ ಬಾಕಿ. ಇನ್ನು ಮುಂದೆ ಯಾರು ಅತ್ತರೂ ಮಾವನ ಮುಂದೆಯೇ ಅಳಬೇಕು.

“ದೂರು ಕೊಟ್ಟವರು ಎದ್ದು ಬನ್ನಿ,” ಎಂದು ಮೇಡಂ ಕರೆದಾಗ ಒಂದು ನಿಮಿಷ ಯಾರೂ ಏಳಲಿಲ್ಲ. ಬೈಂಡಿಂಗಿಗೆ ಹೊಸದಾಗಿ ಸೇರಿದ ಹುಡುಗಿ ತನ್ನ ಚೀಟಿಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ನೆಲ ನೋಡುತ್ತಿದ್ದಳು. ಪ್ರೂಫಕ್ಕ ಅವಳನ್ನು ನೋಡಿದಳು. ತನ್ನ ಚೀಟಿಯನ್ನು ನೋಡಿದಳು. ಕೆಂಪು ಪೆನ್ನು ತೆಗೆದಳು.

“ಅಲ್ಲೂ ತಪ್ಪು ಹುಡುಕ್ತೀಯೇನಕ್ಕಾ?” ಎಂದ ಮೆಷಿನ್‌ಮನ್.

“ಒಂದಿದೆ ಕಣೋ,” ಎಂದು ಗೆರೆ ಎಳೆದು ಎದ್ದಳು.

ಎದ್ದ ಕ್ಷಣವೇ ಪಶ್ಚಾತ್ತಾಪ. ನಟನೆಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಶಾಲೆಯ ನಾಟಕದಲ್ಲಿ ಮರದ ಪಾತ್ರ ಸಿಕ್ಕಿತ್ತು. ಅಲ್ಲಾಡದೆ ನಿಂತಿದ್ದರೆ ಸಾಕಿತ್ತು. ಕಡಿಯಲು ಬಂದವನ ಕಾಲಿಗೆ ತನ್ನ ಬೇರು ತಾಗಿತೆಂದು ‘ಕ್ಷಮಿಸಿ’ ಅಂದುಬಿಟ್ಟಿದ್ದಳು. ಸುಳ್ಳು ಹೇಳಿದರಂತೂ ಕಿವಿ ಕೆಂಪಾಗಿ ಊರಿಗೆಲ್ಲ ಡಂಗುರ ಸಾರುತ್ತಿತ್ತು. ಇವತ್ತು ಯಾಕೋ ಕಿವಿ ತಣ್ಣಗಿತ್ತು.

ಸಮಿತಿಯ ಮುಂದೆ ಅವಳು ಹೇಳಿದ್ದು ಇಷ್ಟೇ: “ಒಂದು ಕೋಣೆಗೆ ಕಾಗದ ಕೊಡೋಕೆ ಹೋಗಿದ್ದೆ. ಅವರು ಸೊಂಟಕ್ಕೆ ಕೈ ಹಾಕಿದ್ರು. ಬೇಡ ಅಂದೆ. ಬಿಡಲಿಲ್ಲ. ಮತ್ತೆ ಬೇಡ ಅಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ.”

“ಯಾವ ಬಟ್ಟೆ ಹಾಕಿದ್ರಿ?” ಕೌಂಟರಿನಾಕೆ ಬರೆದುಕೊಳ್ಳಲು ಸಿದ್ಧಳಾದಳು.

“ಇಂಥದ್ದೇ. ತೋಳಿನ ಮೇಲೆ ಶಾಯಿ ಕಲೆ. ಮರುಳು ಮಾಡೋ ಬಟ್ಟೆ ಇದು ಅಂತ ಗೊತ್ತಿದ್ರೆ ಇಸ್ತ್ರಿನಾದ್ರೂ ಮಾಡ್ತಿದ್ದೆ.”

ನಗು.

“ಮಾರನೇ ದಿನ ಆ ಮನುಷ್ಯ ಎದುರು ಸಿಕ್ಕಾಗ?”

“ನಮಸ್ಕಾರ ಅಂದೆ. ನಾನೇ ಮೊದಲು.”

“ಅಯ್ಯೋ ಅಕ್ಕಾ, ಕೆಟ್ಟದ್ದು ಮಾಡಿದವನಿಗೆ ಯಾರಾದ್ರೂ ನಮಸ್ಕಾರ ಮಾಡ್ತಾರಾ? ಹಿಂಗೆ ಹೇಳಿದ್ರೆ ಯಾರು ನಂಬ್ತಾರೆ?” ಮೆಷಿನ್‌ಮನ್ ತೊಡೆ ತಟ್ಟಿ ನಕ್ಕ.

“ಅದೇ ನೋಡು. ನಾನೂ ಎಷ್ಟೋ ದಿನ ನಂಬಲಿಲ್ಲ.”

ಮೇಡಂ ಮಾತ್ರ ನಗಲಿಲ್ಲ. ತಮ್ಮ ಕೈಯಲ್ಲಿದ್ದ ಕಥೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. “ಒಂದು ಮಾತು,” ಎಂದರು ನಿಧಾನವಾಗಿ. “ಇಷ್ಟು ಹೊತ್ತು ಕೇಳಿದ್ರಲ್ಲ, ಆ ಮನುಷ್ಯ ಯಾಕೆ ಹಾಗೆ ಮಾಡಿದ ಅಂತ ಒಂದು ಪ್ರಶ್ನೆಯೂ ಬರಲಿಲ್ಲ.”

ಮೆಷಿನ್‌ಮನ್ ತಲೆ ಕೆರೆದುಕೊಂಡ. ಕೌಂಟರಿನಾಕೆ ತಾನು ಬರೆದಿದ್ದ ‘ಬಟ್ಟೆ’ಯ ಮೇಲೆ ಅಂಗೈ ಇಟ್ಟುಕೊಂಡಳು.

ಮಾವ ಮೂರನೆಯ ಸಲ ಕನ್ನಡಕ ಒರೆಸಿದರು. ಅವರ ದನಿ ಎಂದಿನಂತೆ ಬೆಣ್ಣೆ.

“ನೋಡಮ್ಮಾ, ನ್ಯಾಯ ಅಂದಮೇಲೆ ಎರಡೂ ಕಡೆ ನೋಡ್ಬೇಕು. ಕಟಿಂಗ್ ಮೆಷಿನ್ ಓಡ್ತಿರುವಾಗ ನೀನು ಬೇಡ ಅಂದದ್ದು ಆತನಿಗೆ ಕೇಳಿಸದೇ ಇದ್ದಿರಬಹುದಲ್ವಾ?”

ಮೂಲಪ್ರತಿಯಲ್ಲಿ ಇಲ್ಲದ್ದು ಕರಡಿನಲ್ಲಿ ನುಸುಳಿದರೆ ಹಿಡಿಯುವುದು ಪ್ರೂಫಕ್ಕನ ಕೆಲಸ. ಆದರೂ ಮೊದಲು ಅನುಮಾನ ಬಂದದ್ದು ತನ್ನ ಮೇಲೆಯೇ. ತಾನೇ ಎಲ್ಲಾದರೂ ಬಾಯಿಬಿಟ್ಟೆನೇ? ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಬೆರಳಿಟ್ಟು ಓದಿಕೊಂಡಳು. ಒಂದು ಕೋಣೆ. ಕಾಗದ. ಬೇಡ. ಮತ್ತೆ ಬೇಡ. ಇನ್ನೊಮ್ಮೆ ಓದಿದಳು. ಇರಲಿಲ್ಲ.

“ಯಾವ ಮೆಷಿನ್, ಮಾವಾ?”

ಈ ಸಲ ಯಾರೂ ನಗಲಿಲ್ಲ.

“ಅದೇ... ಅವಳ ಚೀಟಿಯ ಕಥೆಯಲ್ಲಿ ಇರಬೇಕಲ್ಲ,” ಮಾವ ಮೇಡಂ ಕಡೆ ತಿರುಗಿದರು. “ನೋಡಿ ಬೇಕಾದ್ರೆ.”

ಬೈಂಡಿಂಗ್ ಹುಡುಗಿ ಎದ್ದು ನಿಂತಳು. ಮುಷ್ಟಿ ಬಿಚ್ಚಿದಳು. “ಕಥೆ ಇರೋ ಚೀಟಿ ನನ್ನ ಹತ್ರ ಇದೆ,” ಅಂದಳು. “ಇದು ಬಸ್ಸಿನಲ್ಲಿ ನಡೆಯೋ ಕಥೆ. ಮಾವ ಎದುರಿಗೆ ಕೂತಿದ್ರು, ಅದಕ್ಕೇ ನಂಗೆ ಏಳೋಕೆ ಆಗ್ಲಿಲ್ಲ.”

ಯಾರೂ ಹೇಳದೆಯೇ ಮೆಷಿನ್‌ಮನ್‌ನ ಕೈ ಮೇಲೆದ್ದಿತು.

ಪ್ರೂಫಕ್ಕ ತನ್ನ ಚೀಟಿಯನ್ನು ಮೇಜಿನ ಮೇಲಿಟ್ಟಳು: ‘ಪ್ರೇಕ್ಷಕರು. ಮಾತಾಡುವಂತಿಲ್ಲ.’ ಎರಡನೆಯ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಳು.