ಒಂದು ವಾರ ಮುಟ್ಟದ ರಾಶಿ

ಫೆಬ್ರವರಿ ಒಂಬತ್ತು, ಬೆಳಿಗ್ಗೆ ಆರೂ ಇಪ್ಪತ್ತು. ವಿಶ್ವವಿದ್ಯಾಲಯದ ಹಾಸ್ಟೆಲಿನ ಹಿಂದಿನ ಗೊಬ್ಬರದ ರಾಶಿಯ ಮುಂದೆ ಸಂಶೋಧಕಿ ನಿಂತಿದ್ದಳು. ತರಕಾರಿ ಸಿಪ್ಪೆ, ತರಗೆಲೆಗಳ ಆ ರಾಶಿಯ ಬಿಸಿ ಇವತ್ತು ರೋಗಾಣು ಸಾಯುವ ಐವತ್ತೈದು ಡಿಗ್ರಿ ಮುಟ್ಟದಿದ್ದರೆ ಎಲ್ಲವನ್ನೂ ಲಾರಿಗೆ ತುಂಬಿ ಊರಾಚೆಯ ಕಸದ ಗುಂಡಿಗೆ ಸುರಿಯಬೇಕೆಂದು ಆಡಳಿತ ಕಚೇರಿ ಹೇಳಿತ್ತು.

ಜನವರಿ ತಿಂಗಳಿಡೀ ಅವಳು ದಿನಾ ರಾಶಿಯನ್ನು ಬಗೆದು ಬಗೆದು ಅಳೆದಿದ್ದಳು. ಅದು ಮೂವತ್ತು ದಾಟಿರಲಿಲ್ಲ. ಕಳೆದ ವಾರ ವಯಸ್ಸಾದ ಮಾಲಿ ಅವಳ ಕೈಯಿಂದ ಸಲಿಕೆ ಕಿತ್ತುಕೊಂಡಿದ್ದ. "ಅಲ್ಲಾ ತಾಯಿ, ಮಗೂನ ಗಳಿಗೆಗೊಂದ್ಸಲ ಎಬ್ಬಿಸಿ ನಿದ್ದೆ ಬಂತಾ ಅಂತ ಕೇಳಿದ್ರೆ ಅದು ಮಲಗೋದು ಯಾವಾಗ? ಒಂದು ವಾರ ಈ ಕಡೆ ತಲೆ ಹಾಕ್ಬೇಡಿ."

"ಈಗ ಕೈಯಿಟ್ಟು ನೋಡಿ," ಅಂದ ಆತ, ವಾರವಿಡೀ ರಾಶಿ ಮುಟ್ಟದೆ ಇವತ್ತು ಬಂದಿದ್ದ ಅವಳ ಪಕ್ಕದಲ್ಲಿ ನಿಂತು.

ಅವಳು ಅಂಗೈಯೂರಿದಳು. ಎಲೆಗಳ ಸಂದಿನಿಂದ ತೆಳ್ಳಗೆ ಹಬೆಯೆದ್ದು ಮಣಿಕಟ್ಟನ್ನು ಸುತ್ತಿತು, ಕನ್ನಡಕವನ್ನು ಮಸುಕಾಗಿಸಿತು. ಹಾಸ್ಟೆಲು, ಮರಗಳು, ಮಾಲಿ ಎಲ್ಲ ಆ ಬಿಳುಪಿನಲ್ಲಿ ತೇಲತೊಡಗಿದವು. ಅಂಗೈಯಡಿ ಯಾರೋ ನೆಮ್ಮದಿಯಾಗಿ ಉಸಿರಾಡುತ್ತಿದ್ದಂತಿತ್ತು.

"ಕನಸು ಆಮೇಲೆ ಕಾಣೋರಂತೆ, ಮೊದಲು ಅಳೀರಮ್ಮ."

ಅವಳು ಉದ್ದ ಕಡ್ಡಿಯ ಥರ್ಮಾಮೀಟರನ್ನು ಒಳಗಿಳಿಸಿ, ಕನ್ನಡಕ ಒರೆಸಿಕೊಂಡು, ಎರಡು ನಿಮಿಷ ಕಾದು ಓದಿದಳು. ಐವತ್ತೆಂಟು ಡಿಗ್ರಿ.