ಕಿಟಕಿಯ ಕಡೆಗಿನ ಪರದೆ

“ಎರಡು ಆಫೀಸಿನ ಪರದೆ ಜೋಡಣೆನೂ ಸೇವ್ ಮಾಡಿಟ್ಟಿದ್ದೀನಿ ಅಕ್ಕಾ. ಕಂಟ್ರೋಲ್ ಹಿಡ್ಕೊಂಡು ಎಫ್ ಆರು ಒತ್ತಿದ್ರೆ ಚಾಮರಾಜನಗರ, ಎಫ್ ಏಳು ಒತ್ತಿದ್ರೆ ಗುಂಡ್ಲುಪೇಟೆ. ಬಸ್ ಕಾಯೋ ಹಂಗೇ ಇಲ್ಲ!” ಎಂದು ನಗುತ್ತಾ ಕಂಪ್ಯೂಟರ್ ರಿಪೇರಿಯ ಮುಷರಫ್ ಲ್ಯಾಪ್‌ಟಾಪನ್ನು ಸುಧಾಮಣಿಯ ಕಡೆ ತಿರುಗಿಸಿದ.

ಸುಧಾಮಣಿ ಅರಿಶಿನ ಬೆಳೆಗಾರರ ಸಂಘದ ಕಂಪ್ಯೂಟರ್ ಆಪರೇಟರು. ವಾರದಲ್ಲಿ ಮೂರು ದಿನ ಚಾಮರಾಜನಗರದ ಹೆಡ್ಡಾಫೀಸು, ಮೂರು ದಿನ ಗುಂಡ್ಲುಪೇಟೆಯ ಶಾಖೆ. ಹೆಡ್ಡಾಫೀಸಿನಲ್ಲಿ ಅವಳ ಲ್ಯಾಪ್‌ಟಾಪಿಗೆ ಕಾರ್ಯದರ್ಶಿಯ ಮೇಜಿನ ದೊಡ್ಡ ಪರದೆ ಜೋಡಿಸಬೇಕು. ಇಲ್ಲಿ ಗುಂಡ್ಲುಪೇಟೆಯಲ್ಲಿ ಜೋಡಿಸುವುದು ಕಿಟಕಿಯಾಚೆ ನಿಂತ ಸದಸ್ಯರಿಗೆ ಮುಖ ಮಾಡಿದ ಪರದೆಯನ್ನು. ಒಳಗೆ ಬರೆದದ್ದು ಹೊರಗೆ ಕಾಣಬೇಕೆಂದು ಹನ್ನೊಂದು ದಿನ ಬಿಸಿಲಲ್ಲಿ ಧರಣಿ ಕೂತು ಸದಸ್ಯರು ಗಿಟ್ಟಿಸಿಕೊಂಡ ಪರದೆ ಅದು. ಲ್ಯಾಪ್‌ಟಾಪು ಮಾತ್ರ ಚಾಮರಾಜನಗರದ ಜೋಡಣೆಯನ್ನೇ ಹೊತ್ತು ತರುತ್ತಿತ್ತು. ಅವಳು ತಡಕಾಡಿ ಸೋಲುತ್ತಿದ್ದಳು. ತಿಂಗಳುಗಟ್ಟಲೆ ಹೊರಗಿನ ಪರದೆಯಲ್ಲಿ ಬರೀ ನೀಲಿ.

“ಎಷ್ಟು ಕೊಡಲಿ ಮುಷರಫ್?”

“ಧರಣಿ ಕೂತೋರಿಗೆ ನಮ್ಮಮ್ಮಿ ದಿನಾ ಚಾ ಕಾಯಿಸಿ ತಂದೋರು. ನಿಮ್ಮ ಹತ್ರ ಕಾಸು ಇಸ್ಕೊಂಡ್ರೆ ಮನೆಗೆ ಸೇರಿಸ್ತಾರಾ ಅಕ್ಕಾ?” ಚೀಲ ಹೆಗಲಿಗೇರಿಸಿ ಹೊರಟೇ ಬಿಟ್ಟ.

ಮೊದಲು ಕಿಟಕಿಗೆ ಬಂದವಳು ಭೀಮನಬೀಡಿನ ಶಿವಮ್ಮ. ಗಂಡ ಕರಿಬಸವಯ್ಯ ತೀರಿಕೊಂಡಿದ್ದ. ಅವನ ಸದಸ್ಯತ್ವ ಅವಳ ಹೆಸರಿಗೆ ಬರಬೇಕಿತ್ತು. ಬಾರದಿದ್ದರೆ ಸಂಘದಲ್ಲಿ ಅರಿಶಿನ ಬೇಯಿಸುವಂತಿಲ್ಲ, ಮಾರುವಂತಿಲ್ಲ. ಗುಮಾಸ್ತ ವೃಷಭೇಂದ್ರಪ್ಪ ಎಂದಿನಂತೆ ಒಂದು ಚೀಟಿ ತಂದಿಟ್ಟ. ಸುಧಾಮಣಿ ಎಂದಿನಂತೆ ತಲೆಯೆತ್ತದೆ ಚೀಟಿಯಲ್ಲಿದ್ದುದನ್ನು ಟೈಪು ಮಾಡಿದಳು.

“ಅಯ್, ಇವತ್ತು ಇದ್ರಲ್ಲಿ ಅಕ್ಸರ ಬಂದವೆ ಕಣ್ರಪ್ಪಾ!” ರಾತ್ರಿಶಾಲೆಯಲ್ಲಿ ಓದು ಕಲಿತಿದ್ದ ಶಿವಮ್ಮ ಸರಳಿಗೆ ಮುಖ ಒತ್ತಿ ಜೋರಾಗಿ ಓದತೊಡಗಿದಳು. “ವಾ...ರ...ಸು...ದಾ...ರ. ಮಾ...ದ...ಣ್ಣ.” ಓದು ನಿಂತಿತು. “ಮಾದಣ್ಣ ನನ್ ಮೈದ್ನ ಕಣವ್ವಾ. ನನ್ನೆಸ್ರು ಎಲ್ಲಿ?”

“ಅದು ಆಮೇಲೆ ಬತ್ತದೆ ಕಣಮ್ಮ. ಈಗ ಹೆಬ್ಬೆಟ್ಟು ಒತ್ತು,” ಎಂದ ವೃಷಭೇಂದ್ರಪ್ಪ.

“ಎಬ್ಬೆಟ್ಟು ಯಾಕಪ್ಪಾ ಒತ್ಲಿ? ಸೈನು ಮಾಡಕ್ ಬತ್ತದೆ ನಂಗೆ!”

ಸಾಲಿನಲ್ಲಿದ್ದವರು ಗೊಳ್ಳೆಂದರು. ವೃಷಭೇಂದ್ರಪ್ಪ ಸುಧಾಮಣಿಯ ಕಿವಿಯ ಹತ್ತಿರ ಬಗ್ಗಿದ. “ಆ ಹೊರಗಿನದನ್ನ ಮೊದಲಿನ ಥರ ಮಾಡಮ್ಮ, ಬೇಗ.”

ಒಂದು ಬೆರಳಿನ ಕೆಲಸ. ವರ್ಷ ವರ್ಷವೂ ಅವಳ ನೌಕರಿ ಮುಂದುವರಿಯಲು ಇದೇ ಮನುಷ್ಯ ಬರೆದು ಕೊಡಬೇಕು. ಬೆರಳು ಎಫ್ ಆರರ ಮೇಲೆ ಹೋಗಿ ನಿಂತಿತು.

“ಅದು ಚಾಮರಾಜನಗರದ್ದು ಸಾರ್,” ಎಂದಳು. “ನಾವಿರೋದು ಗುಂಡ್ಲುಪೇಟೆಲಿ.”

ಮಾದಣ್ಣನನ್ನು ಅಳಿಸಿದಳು. ಒಂದೊಂದೇ ಅಕ್ಷರ ಒತ್ತಿದಳು. ಹೊರಗೆ ಶಿವಮ್ಮ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿಕೊಂಡಳು. ಇಡೀ ಸಾಲು ಪರದೆಯನ್ನೇ ನೋಡುತ್ತಿತ್ತು. ವೃಷಭೇಂದ್ರಪ್ಪ ಕಿಟಕಿಯ ಬಳಿಯಿಂದ ತನ್ನ ಮೇಜಿಗೆ ಸರಿದ.

ಪ್ರಿಂಟಾಗಿ ಬಂದ ಕಾಗದವನ್ನು ಕಣ್ಣಿಗೊತ್ತಿಕೊಂಡು ಶಿವಮ್ಮ ಸರಳಿನ ಸಂದಿಯಿಂದ ಕೈ ತೂರಿಸಿ ಸುಧಾಮಣಿಯ ಮುಂಗೈ ಹಿಡಿದಳು. “ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವಾ. ನೀನಿಲ್ದಿದ್ರೆ ನನ್ ಕತೆ ಮುಗ್ದೋಯ್ತಿತ್ತು.”

ಅರಿಶಿನದ ಕರೆ ಹಿಡಿದ ಆ ಒರಟು ಕೈಯ ಬಿಸುಪಿಗೆ ಸುಧಾಮಣಿಯ ಕಣ್ಣು ತುಂಬಿತು. ಆ ಕೈಯನ್ನು ಅವಳು ಬಿಡಿಸಿಕೊಳ್ಳಲಿಲ್ಲ. ಮೊಣಕೈ ಪಕ್ಕದ ಚೀಟಿ ಚುಚ್ಚುವ ಕಂಬಿಯಲ್ಲಿ, ಪರದೆ ನೀಲಿಯಾಗಿದ್ದ ತಿಂಗಳುಗಳಲ್ಲಿ ಅವಳು ತಲೆಯೆತ್ತದೆ ಟೈಪು ಮಾಡಿದ್ದ ವೃಷಭೇಂದ್ರಪ್ಪನ ಚೀಟಿಗಳು ಒಂದರ ಮೇಲೊಂದು ಚುಚ್ಚಿಕೊಂಡಿದ್ದವು. ಇನ್ನೊಂದು ಕೈಯಿಂದ ಅವಳು ಮೇಲಿನದನ್ನು ಬಿಡಿಸಿ, ಅದರಲ್ಲಿ ಯಾರ ಅರ್ಜಿಯಿತ್ತೋ ಅವರ ಹೆಸರನ್ನು ಕಿಟಕಿಯಾಚೆಗೆ ಕೇಳುವಂತೆ ಕೂಗಿದಳು.