ಕೊನೆಯ ಹಾಳೆಗಳಿಲ್ಲದ ಪತ್ತೇದಾರಿ

ಫಿನಾಯಿಲ್ ವಾಸನೆ ಬಂದರೆ ಈಗಲೂ ಉಳ್ಳೂರಿನ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಎದುರುಮನೆಯ ಮೈಸೂರು ತಾತ, ಅಲ್ಲಿ ಮಲಗಿದ್ದ ತಮ್ಮ ಹೆಂಡತಿಗೆ, ನಾನು ಅಜ್ಜಿ ಎನ್ನುತ್ತಿದ್ದವರಿಗೆ, ದಿನವೂ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದರು. "ಇದು ಅಡಿಪೊಳಿ ಕಥೆ ತಾತ, ಸಖತ್ತಾಗಿದೆ, ನಾನು ಪೂರ್ತಿ ಓದಿದೀನಿ" ಎಂದು ಅಮ್ಮನ ಕಪಾಟಿನಿಂದ ಒಂದನ್ನು ನಾನೇ ಕೊಟ್ಟಿದ್ದೆ. ಅಲ್ಲಿನ ಮಲಯಾಳಂ ಶಾಲೆಯಲ್ಲಿ ಓದುತ್ತಿದ್ದ ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮುಖಪುಟದ ಚಾಕು ಚೆನ್ನಾಗಿತ್ತು, ಅಷ್ಟೆ.

ಅಜ್ಜಿಯನ್ನು ನೋಡಲು ಹೋದಾಗ ತಾತ ಪುಸ್ತಕದ ಕಿತ್ತುಹೋದ ಬೆನ್ನು ತೋರಿಸಿದರು. "ಕೊನೇ ಹಾಳೆಗಳೇ ಇಲ್ವಲ್ಲ ಮರಿ. ಕೊಂದಿದ್ದು ಯಾರು? ನಿನ್ನ ಕೇಳಬೇಕು ಅಂತ ಇವಳು ಮೂರು ದಿನದಿಂದ ಕಾಯ್ತಿದ್ದಾಳೆ."

ನಾನು ಒದ್ದೆ ನೆಲ ನೋಡುತ್ತ ನಿಂತೆ. ತಾತ ನನ್ನ ಮುಖವನ್ನೇ ನೋಡಿ, ಅಜ್ಜಿಯ ಕಡೆ ತಿರುಗಿದರು. "ಹೇಳಿದ್ರೆ ಮಜಾ ಹೋಗತ್ತಂತೆ ಕಣೇ. ನೀನೇ ಊಹಿಸು."

ಅಜ್ಜಿ ದಿಂಬಿನಿಂದ ತಲೆಯೆತ್ತಿ ಯಾವುದೋ ಹೆಸರು ಹೇಳಿದರು.

ಹೌದೆಂದು ತಲೆಯಾಡಿಸಿದೆ.